ಸಂಜೆಯ ಪಾದಕ್ಕೊಂದು ಶೂ

ಬೇಸಿಗೆ ರಜೆ ಶುರುವಾಯಿತೆಂದರೆ ಸೋಮವಾರ ನನ್ನ ಚಿಕಿತ್ಸಾಲಯಕ್ಕೆ ಕುಂಟುತ್ತಾ ಬರುವವರ ಸಂಖ್ಯೆ ಏರುತ್ತದೆ. ಹೆಚ್ಚಿನವರು ಶನಿವಾರ ಬೆಟ್ಟ ಹತ್ತಿ ಭಾನುವಾರ ಇಳಿದವರು. ಎರಡು ವರ್ಷದ ಹಿಂದೆ ಹಾಗೆ ಬಂದ ಒಬ್ಬರ ಕಾಲಲ್ಲಿ ರಬ್ಬರ್ ಚಪ್ಪಲಿಯಿತ್ತು, ಕೈಚೀಲದಲ್ಲಿ ಹೊಚ್ಚಹೊಸ ಬೂಟುಗಳಿದ್ದವು. ಎರಡೂ ಹೆಬ್ಬೆರಳಿನ ಉಗುರುಗಳು ಮಾಗಿದ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಬೂಟು ಮಾತ್ರ ಭರ್ಜರಿಯಾಗಿತ್ತು: ದಪ್ಪ ತೊಗಲು, ಕಣಕಾಲು ಮುಚ್ಚುವ ಎತ್ತರ, ನೀರು ನುಗ್ಗದ ಪೊರೆ.

"ಅಂಗಡಿಯಲ್ಲಿ ಹಾಕಿ ನೋಡಿದಾಗ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು ಡಾಕ್ಟರೇ" ಎಂದರು.

"ಎಷ್ಟು ಹೊತ್ತಿಗೆ ಹೋಗಿದ್ದಿರಿ?"

"ಬೆಳಿಗ್ಗೆ, ಬಾಗಿಲು ತೆಗೆದ ತಕ್ಷಣ. ಗಿರಾಕಿಗಳ ಗದ್ದಲ ಇರುವುದಿಲ್ಲವಲ್ಲ!"

ಎಡವಟ್ಟಾಗಿದ್ದು ಅಲ್ಲೇ. ಬೆಳಗಿನ ಪಾದವೂ ಬಿಸಿಲಲ್ಲಿ ನಾಲ್ಕು ಗಂಟೆ ನಡೆದ ಪಾದವೂ ಒಂದೇ ಅಲ್ಲ. ಸೆಖೆಯಲ್ಲಿ ದೇಹ ಒಳಗಿನ ಬಿಸಿಯನ್ನು ಹೊರಹಾಕಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ನಿಂತು ನಡೆಯುವವರಲ್ಲಿ ದ್ರವ ಕೆಳಗಿಳಿದು ಪಾದದಲ್ಲಿ ಸೇರಿಕೊಳ್ಳುತ್ತದೆ. ಬೆನ್ನಿನ ಚೀಲದ ಭಾರಕ್ಕೆ ಪಾದದ ಕಮಾನು ಸ್ವಲ್ಪ ತಗ್ಗಿ, ಪಾದ ಉದ್ದವೂ ಅಗಲವೂ ಆಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಸರಿಹೊಂದಿದ ಬೂಟು ಮಧ್ಯಾಹ್ನ ಮೂರಕ್ಕೆ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ ಇಡೀ ದೇಹದ ಭಾರ ಮುಂದಕ್ಕೆ ಜಾರಿದಾಗ ಉಗುರು ಬೂಟಿನ ಮೂತಿಗೆ ಸಾವಿರಾರು ಸಲ ಗುದ್ದುತ್ತದೆ. ಉಗುರಿನಡಿ ರಕ್ತ ಹೆಪ್ಪುಗಟ್ಟುವುದಕ್ಕೆ ಅಷ್ಟು ಸಾಕು.

ಅವರನ್ನು ಒಂದು ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದೆ. ಬೂಟಿನೊಳಗಿನ ಹಾಸನ್ನು ಕಿತ್ತು ಆ ಗೆರೆಯ ಮೇಲಿಟ್ಟೆ. ಹೆಬ್ಬೆರಳಿನ ತುದಿಯಲ್ಲಿ ಉಳಿದ ಜಾಗ ಮೂರು ಮಿಲಿಮೀಟರ್ ಇರಬಹುದು. ಕಿರುಬೆರಳಂತೂ ಹಾಸಿನಾಚೆಗೇ ಇತ್ತು. ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಾ ಕೂತರು. ಈ ಪರೀಕ್ಷೆಗೆ ನಾನು ಬೇಕಿಲ್ಲ, ಅಂಗಡಿಯಲ್ಲೇ ಮಾಡಬಹುದು. ಹಾಸನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಹಿಮ್ಮಡಿ ಹಿಂದಿನ ಅಂಚಿಗೆ ಸರಿಯಾಗಿ ಕೂತಾಗ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಉಳಿಯಬೇಕು, ಪಕ್ಕದಲ್ಲಿ ಯಾವ ಬೆರಳೂ ಆಚೆ ಚಾಚಬಾರದು. ಕೆಲವರಿಗೆ ಎರಡನೆಯ ಬೆರಳೇ ಉದ್ದ. ಅವರು ಅದರಿಂದಲೇ ಅಳೆಯಬೇಕು. ಎರಡು ಪಾದಗಳಲ್ಲಿ ಒಂದು ದೊಡ್ಡದಿರುವುದು ಸಾಮಾನ್ಯ, ಶೂ ಕೊಳ್ಳಬೇಕಾದದ್ದು ಆ ದೊಡ್ಡ ಪಾದಕ್ಕೆ.

ಸೈಜ್ ಎಂಬ ಅಂಕಿಗೆ ಜನ ಕೊಡುವ ಮರ್ಯಾದೆ ನನಗೆ ಅರ್ಥವಾಗುವುದಿಲ್ಲ. ಇಂಗ್ಲಿಷ್ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಯುರೋಪಿನ ಅಳತೆಯಲ್ಲಿ ಅದು 6.7 ಮಿಲಿಮೀಟರ್. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವಾಗಲೇ ಅಷ್ಟಿಷ್ಟು ಏರುಪೇರಾಗುತ್ತದೆ. ಅದರ ಮೇಲೆ ಪ್ರತಿ ತಯಾರಕರ ಅಚ್ಚೂ ಬೇರೆ. "ನಾನು ಯಾವತ್ತೂ ಎಂಟನೇ ನಂಬರ್" ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಕಾಲಿಗೆ ನಂಬರ್ ಇಲ್ಲ, ಡಬ್ಬಕ್ಕೆ ಇದೆ. ಸಂಜೆ ಹೋಗಿ. ನಡೆಯುವಾಗ ತೊಡುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಅಂಗಡಿಯಲ್ಲಿ ಇಳಿಜಾರು ಹಲಗೆಯಿದ್ದರೆ ಅದರ ಮೇಲೆ, ಇಲ್ಲದಿದ್ದರೆ ಮೆಟ್ಟಿಲ ಮೇಲೆ, ಕೆಳಮುಖವಾಗಿ ಹತ್ತು ಬಾರಿ ಇಳಿದು ನೋಡಿ. ಬೆರಳು ಮುಂದೆ ತಗುಲಿದರೆ ಆ ಶೂ ಬೇಡ. "ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ" ಎಂಬ ಮಾರಾಟಗಾರರ ಮಾತನ್ನು ನಂಬಬೇಡಿ. ತೊಗಲು ಅಗಲದಲ್ಲಿ ಒಂದಿಷ್ಟು ಬಗ್ಗುತ್ತದೆ, ಉದ್ದದಲ್ಲಿ ಬೆಳೆಯುವುದಿಲ್ಲ.

ಇನ್ನು ನೀರಿನ ವಿಷಯ. ಬೇಸಿಗೆಯ ನಡಿಗೆಗೆ ನೀರು ನುಗ್ಗದ ಶೂ ಬೇಕು ಎಂದು ಕೇಳಿ ಕೊಳ್ಳುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಬೇಸಿಗೆಯಲ್ಲಿ ಹೆಚ್ಚಿನವರಿಗೆ ಅದು ಕೊಟ್ಟು ತಂದುಕೊಂಡ ಕಿರಿಕಿರಿ. ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ಪಿಟಿಎಫ್‌ಇ ಎಂಬ ವಸ್ತುವಿನ ಬಿಸಿ ಕಡ್ಡಿಯನ್ನು 1969ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ಗೋರ್ ದಿಢೀರನೆ ಎಳೆದಾಗ ಅದು ತುಂಡಾಗದೆ ಹಿಗ್ಗಿತು, ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಾದವು. ಅದರಿಂದ ಮಾಡಿದ ಪೊರೆಯಲ್ಲಿ ನೀರಿನ ಹನಿ ತೂರುವುದಿಲ್ಲ, ಬೆವರಿನ ಆವಿ ಹೊರಹೋಗುತ್ತದೆ. ಇದು ನಿಜ. ಆದರೆ ಆವಿ ತಾನಾಗಿ ಹೊರಡುವುದಿಲ್ಲ. ಒಳಗೆ ತೇವ ಹೆಚ್ಚಿದ್ದು ಹೊರಗೆ ಕಡಿಮೆಯಿದ್ದಾಗ ಮಾತ್ರ ಅದು ಆ ಕಡೆಗೆ ಸಾಗುತ್ತದೆ. ಚಳಿಯ ಒಣಹವೆಯಲ್ಲಿ ಈ ವ್ಯತ್ಯಾಸ ದೊಡ್ಡದು, ಪೊರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗಿನ ಗಾಳಿಯೇ ಬಿಸಿಯಾಗಿ ತೇವದಿಂದ ತುಂಬಿರುವಾಗ ಆವಿ ಎಲ್ಲಿಗೆ ಹೋಗಬೇಕು? ಎರಡೂ ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರು ಗ್ರಂಥಿಗಳಿವೆ, ಅವು ಪೊರೆಯ ಕಷ್ಟ ಕೇಳುವುದಿಲ್ಲ. ಹಳ್ಳ ದಾಟುವಾಗ ನೀರು ಮೇಲಂಚಿನಿಂದ ಒಳಬಂದರಂತೂ ಮುಗಿಯಿತು, ಅದಕ್ಕೆ ಹೊರಹೋಗುವ ದಾರಿಯೇ ಇಲ್ಲ. ಜಾಲರಿ ಬಟ್ಟೆಯ ಶೂ ನೆನೆಯುತ್ತದೆ, ನಿಜ. ಆದರೆ ನಡೆಯುತ್ತಾ ನಡೆಯುತ್ತಾ ನೀರನ್ನು ಹಿಂಡಿ ಹಾಕಿ ಒಣಗುತ್ತದೆ.

ತೇವದ ಬಗ್ಗೆ ನಾನು ಇಷ್ಟು ಕೊರೆಯುವುದಕ್ಕೆ ಬೊಬ್ಬೆಗಳೇ ಕಾರಣ. ಬೊಬ್ಬೆ ಬರುವುದು ಚರ್ಮದ ಮೇಲೆ ಏನೋ ಉಜ್ಜಿ ಎಂದು ಎಲ್ಲರ ನಂಬಿಕೆ. ನಿಜವಾಗಿ ಆಗುವುದು ಸ್ವಲ್ಪ ಬೇರೆ. ಒದ್ದೆ ಚರ್ಮ ಕಾಲುಚೀಲಕ್ಕೆ ಅಂಟಿ ನಿಂತುಬಿಡುತ್ತದೆ, ಅದರೊಳಗಿನ ಎಲುಬು ಮಾತ್ರ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಮುಂದಕ್ಕೆ ಸರಿಯುತ್ತದೆ. ಈ ಎಳೆದಾಟಕ್ಕೆ ಸಿಕ್ಕ ನಡುವಿನ ಪದರ ಬಿರಿದು ಅಲ್ಲಿ ನೀರು ತುಂಬುತ್ತದೆ. ಹಾಗಾಗಿ ಹತ್ತಿಯ ಕಾಲುಚೀಲ ಬೇಡ, ಅದು ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ತೆಳುವಾದ ಮೆರಿನೊ ಉಣ್ಣೆಯದು ಒಳ್ಳೆಯದು. ಬೇಸಿಗೆಗೆ ಉಣ್ಣೆಯೇ ಎಂದು ಹುಬ್ಬೇರಿಸಬೇಡಿ. ಅದು ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಎಳೆಯೊಳಗೆ ಎಳೆದುಕೊಂಡರೂ ಚರ್ಮಕ್ಕೆ ಒದ್ದೆಯೆನಿಸುವುದಿಲ್ಲ. ಊಟಕ್ಕೆ ಕೂತಾಗ ಶೂ ಬಿಚ್ಚಿ, ಕಾಲಿಗೆ ಗಾಳಿಯಾಡಿಸಿ, ಇನ್ನೊಂದು ಜೊತೆ ಕಾಲುಚೀಲ ಹಾಕಿಕೊಳ್ಳಿ. ಹತ್ತು ನಿಮಿಷದ ಈ ಕೆಲಸ ಯಾವ ದುಬಾರಿ ಮುಲಾಮಿಗೂ ಕಡಿಮೆಯಿಲ್ಲ.

"ಎತ್ತರದ ಬೂಟು ಇಲ್ಲದಿದ್ದರೆ ಕಾಲು ಉಳುಕುವುದಿಲ್ಲವೇ?" ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಕಣಕಾಲನ್ನು ಮುಖ್ಯವಾಗಿ ಕಾಯುವುದು ಅದರ ಸುತ್ತಲಿನ ಸ್ನಾಯುಗಳು ಮತ್ತು ಹೆಜ್ಜೆ ಓರೆಯಾದ ಕ್ಷಣವೇ ಅದನ್ನು ಗ್ರಹಿಸುವ ನರಗಳು. 1993ರಲ್ಲಿ ಪ್ರಕಟವಾದ, ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲಿನ ಒಂದು ಅಧ್ಯಯನದಲ್ಲಿ ಎತ್ತರದ ಶೂಗೂ ತಗ್ಗಿನ ಶೂಗೂ ಉಳುಕಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಟದ ಅಂಗಳ ಬೆಟ್ಟವಲ್ಲ, ಒಪ್ಪುತ್ತೇನೆ. ಆದರೂ ಎತ್ತರದ ತೊಗಲಿನ ಮೇಲೆ ಇಡುವ ಭರವಸೆಯ ಅರ್ಧವನ್ನು ದಿನಾ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸದ ಮೇಲೆ ಇಟ್ಟರೆ ಲಾಭ ಜಾಸ್ತಿ. ತೂಕದ್ದು ಬೇರೆಯದೇ ಲೆಕ್ಕ. ಕಾಲಿನಲ್ಲಿ ಹೊತ್ತ ಒಂದು ಕಿಲೋ ಬೆನ್ನಿನಲ್ಲಿ ಹೊತ್ತ ಒಂದು ಕಿಲೋಗಿಂತ ಹಲವು ಪಟ್ಟು ಹೆಚ್ಚು ದಣಿಸುತ್ತದೆ, ಏಕೆಂದರೆ ಅದನ್ನು ಪ್ರತಿ ಹೆಜ್ಜೆಗೂ ಎತ್ತಿ, ಬೀಸಿ, ನಿಲ್ಲಿಸಬೇಕು. ದಣಿದ ಕಾಲೇ ಎಡವುವುದು. ಅಮೆರಿಕದ ಎಮ್ಮಾ ಗೇಟ್‌ವುಡ್ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದ್ದು ಸಾದಾ ಕ್ಯಾನ್ವಾಸ್ ಶೂಗಳಲ್ಲಿ. ನೀವೂ ಹಾಗೇ ಮಾಡಿ ಎನ್ನುತ್ತಿಲ್ಲ, ಅವರು ದಾರಿಯಲ್ಲಿ ಹಲವು ಜೊತೆ ಸವೆಸಿದ್ದರು.

ಹಾಗಾದರೆ ಬೂಟು ಯಾರಿಗೆ? ಹಲವು ದಿನದ ಸಾಮಾನನ್ನು ಬೆನ್ನ ಮೇಲೆ ಹೊತ್ತವರಿಗೆ, ಚೂಪು ಕಲ್ಲಿನ ಸಡಿಲ ಇಳಿಜಾರಿನಲ್ಲೋ ಕರಗದ ಹಿಮದ ಮೇಲೋ ನಡೆಯುವವರಿಗೆ, ಈಗಾಗಲೇ ಎರಡು ಮೂರು ಸಲ ಕಾಲು ಉಳುಕಿಸಿಕೊಂಡವರಿಗೆ. ಉಳಿದಂತೆ ಕಾಲುದಾರಿಯಲ್ಲಿ ಒಂದು ದಿನದ ನಡಿಗೆಗೆ ಹಗುರ ಟ್ರೇಲ್ ಶೂ (ಮಣ್ಣು-ಕಲ್ಲಿನ ದಾರಿಗೆಂದೇ ಮಾಡಿದ ತಗ್ಗಿನ ಶೂ) ಸಾಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ಮಾತ್ರ ಈ ಅಂಕಣ ಓದಿ ಶೂ ಕೊಳ್ಳಬಾರದು, ಮೊದಲು ನಿಮ್ಮ ವೈದ್ಯರಿಗೆ ಪಾದ ತೋರಿಸಿ.

ಅಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಹಲ್ಲುಗಳು ನಾಲ್ಕೈದು ಮಿಲಿಮೀಟರ್ ಆಳವಿದ್ದರೆ ಒಣದಾರಿಗೆ ಧಾರಾಳ. ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಅದು ಬೆರಳುಗಳ ಬುಡದಲ್ಲಿ ಮಡಿಯಬೇಕು, ಪಾದದ ನಡುವೆ ಅಲ್ಲ. ಲೇಸನ್ನು ಪಾದದ ಮೇಲ್ಭಾಗದಲ್ಲಿ ಸಡಿಲವಾಗಿ, ಕಣಕಾಲಿನ ಮಡಿಕೆಯಲ್ಲಿ ಬಿಗಿಯಾಗಿ ಕಟ್ಟಿ. ಹಿಮ್ಮಡಿ ಏಳಬಾರದು, ಬೆರಳು ಆಡಬೇಕು. ಇಳಿಯಲು ಶುರುಮಾಡುವ ಮುನ್ನ ಎರಡು ನಿಮಿಷ ನಿಂತು ಮತ್ತೊಮ್ಮೆ ಬಿಗಿದುಕೊಳ್ಳಿ.

ಹೊಸದು ಏಕೆ, ಅಟ್ಟದ ಮೇಲೆ ಹಳೆಯ ಬೂಟಿದೆ ಎನ್ನುವವರಿಗೆ ಒಂದು ಎಚ್ಚರಿಕೆ. ಹಲವು ಬೂಟುಗಳ ನಡು ಅಟ್ಟೆ ಪಾಲಿಯುರೆಥೇನ್‌ನದು. ಗಾಳಿಯಲ್ಲಿನ ತೇವ ಅದನ್ನು ವರ್ಷಾನುಗಟ್ಟಲೆ ಒಳಗಿಂದೊಳಗೇ ತಿನ್ನುತ್ತದೆ, ಬೂಟನ್ನು ಒಮ್ಮೆಯೂ ಹಾಕದಿದ್ದರೂ. ಹೊರಗಿನ ತೊಗಲು ಹೊಳೆಯುತ್ತಿರುತ್ತದೆ. ಒಬ್ಬರು ತಂದ ಅಂಥ ಬೂಟಿನ ಹಿಮ್ಮಡಿಯನ್ನು ನಾನು ಹೆಬ್ಬೆರಳಿನಿಂದ ಒತ್ತಿದೆ, ಒಣಗಿದ ಕೇಕಿನ ಹಾಗೆ ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು. ಹೊರಡುವ ಹಿಂದಿನ ವಾರವೇ ಹಳೆಯ ಬೂಟನ್ನು ಒತ್ತಿ, ತಿರುಚಿ, ಹಾಕಿಕೊಂಡು ಒಂದು ಗಂಟೆ ನಡೆದು ನೋಡಿ. ಬಿರುಕು ಕಂಡರೆ ಅದು ಬೆಟ್ಟಕ್ಕೆ ಬರುವ ಬೂಟಲ್ಲ.

ಆ ನೇರಳೆ ಉಗುರಿನವರಿಗೆ ಹೊಸ ಉಗುರು ಪೂರ್ತಿ ಬೆಳೆಯಲು ವರ್ಷ ದಾಟಿತು. ಈಗ ಅವರು ಒಂದು ಸೈಜ್ ದೊಡ್ಡದಾದ ಜಾಲರಿ ಶೂನಲ್ಲಿ ನಡೆಯುತ್ತಾರೆ. ಭರ್ಜರಿ ಬೂಟು ಅವರ ತಮ್ಮನ ಪಾಲಾಗಿದೆ, ಅವನ ಪಾದ ಚಿಕ್ಕದಂತೆ. ಚಳಿಗಾಲದಲ್ಲಿ ಮಾತ್ರ ಹಾಕುತ್ತಾನಂತೆ.