ಮಾಲೆ ತೆಗೆದ ಮೇಲೆ

ನವೆಂಬರ್ ಮಧ್ಯಕ್ಕೆ ಕೊಡಗಿನ ತೋಟಗಳಲ್ಲಿ ಅರೇಬಿಕಾ ಹಣ್ಣಾಗುತ್ತಿರುತ್ತದೆ. ಅದೇ ಹೊತ್ತಿಗೆ ಊರೂರಲ್ಲೂ ಕಪ್ಪು ಪಂಚೆ, ಕೊರಳಲ್ಲಿ ಮಾಲೆ ಕಾಣತೊಡಗುತ್ತವೆ. ಶಬರಿಮಲೆಗೆ ಹೋಗುವವರ 41 ದಿನದ ವ್ರತ ಅದು. ವರ್ಷಗಟ್ಟಲೆ ದಿನಾ ಕುಡಿದವರೂ ಮಾಲೆ ಹಾಕಿದ ಮೇಲೆ ಒಂದು ಹನಿ ಮುಟ್ಟುವುದಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಅಷ್ಟು ದಿನ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಮಲೆಗೆ ಹೋಗಿ ಬಂದು ಮಾಲೆ ತೆಗೆದ ಮೇಲೆ ಎಷ್ಟೋ ಜನ ಮತ್ತೆ ಬಾಟಲಿ ಹಿಡಿಯುತ್ತಾರೆ.

ದೇವರ ಭಯವೊಂದಿದ್ದರೆ ಯಾರು ಬೇಕಾದರೂ ಬಿಡಬಹುದು ಎನ್ನುವವರಿದ್ದಾರೆ. ಅದೆಲ್ಲ ಸುಮ್ನೆ ತೋರಿಕೆ ಎನ್ನುವವರೂ ಇದ್ದಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ಆ 41 ದಿನ ಏನೋ ನಿಜವಾಗಿಯೂ ಕೆಲಸ ಮಾಡಿದೆ. ಅದು ಯಾವುದು, 42ನೇ ದಿನ ಎಲ್ಲಿ ಹೋಯಿತು ಎಂದು ಹುಡುಕಬೇಕು.

ಕುಡಿತದ ಚಟ ಮಿದುಳಿಗೆ ಹತ್ತಿದ ಕಲಿಕೆ. ಮದ್ಯ ಒಳಗೆ ಹೋದಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಸುತ್ತ ಏನೇನಿತ್ತೋ ಅದನ್ನೆಲ್ಲ ಮಿದುಳು ಜೊತೆಗೇ ನೆನಪಿಟ್ಟುಕೊಳ್ಳುತ್ತದೆ. ಸಂಬಳದ ದಿನ, ಸಂತೆಯ ದಾರಿ, ಅದೇ ಗೆಳೆಯನ ದನಿ, ಜುಲೈ ತಿಂಗಳ ಬಿಡದ ಮಳೆ. ಮುಂದೆ ಇವುಗಳಲ್ಲಿ ಒಂದು ಎದುರಾದರೂ ಸಾಕು, ಆಸೆ ಎದ್ದು ಕೂರುತ್ತದೆ. ವ್ರತ ಮುಟ್ಟುವುದು ಇದನ್ನೇ. ಬೆಳಿಗ್ಗೆ ಬೇಗ ತಣ್ಣೀರ ಸ್ನಾನ, ಬೇರೆ ಊಟ, ಬೇರೆ ಬಟ್ಟೆ. ಬಾರಿಗೆ ಹೋಗುತ್ತಿದ್ದ ಸಂಜೆ ಈಗ ಭಜನೆಗೆ ಹೋಗುತ್ತದೆ. ಜೊತೆಗೆ ಗುರುಸ್ವಾಮಿ ಇರುತ್ತಾರೆ, ವ್ರತ ಹಿಡಿದ ಇನ್ನೂ ಹತ್ತು ಜನ ಇರುತ್ತಾರೆ. ನಿನ್ನೆವರೆಗೆ ಬೈದವರೂ ‘ಸ್ವಾಮಿ’ ಎಂದು ಕರೆಯುತ್ತಾರೆ. ಮಾಲೆ ಹಾಕಿದವನ ಕೈಗೆ ಯಾರೂ ಗ್ಲಾಸ್ ಕೊಡುವುದಿಲ್ಲ. ಮಾಲೆ ತೆಗೆದ ದಿನ ಇವೆಲ್ಲ ಒಂದೇ ಸಲಕ್ಕೆ ಹೋಗುತ್ತವೆ. ಉಳಿಯುವುದು ನಂಬಿಕೆ ಮಾತ್ರ. ಅದೊಂದೇ ಸಾಲುವುದಿಲ್ಲ.

ಈ ಮಾತಿಗೆ ಒಳ್ಳೆಯ ಸಾಕ್ಷಿ, ಕುಡಿತ ಬಿಡಬೇಕೆಂದವರು ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಗುಂಪು ಹುಟ್ಟಿದ ಬಗೆ. ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರು ವ್ಯವಹಾರದವರು, ವಿಪರೀತ ಕುಡಿಯುತ್ತಿದ್ದರು. 1934ರ ಡಿಸೆಂಬರಿನಲ್ಲಿ ಆಸ್ಪತ್ರೆಯಲ್ಲಿದ್ದಾಗ ಅವರಿಗೆ ಬೆಳಕು ಕಂಡಂಥ ದೊಡ್ಡ ಆಧ್ಯಾತ್ಮಿಕ ಅನುಭವವಾಯಿತು. ಕುಡಿತ ನಿಂತಿತು. ಆದರೆ ಐದೇ ತಿಂಗಳ ನಂತರ ಓಹಿಯೋದ ಆಕ್ರನ್ ಊರಿನಲ್ಲಿ ವ್ಯವಹಾರ ಕೈಕೊಟ್ಟು, ಹೋಟೆಲಿನಲ್ಲಿ ಒಬ್ಬರೇ ನಿಂತಿದ್ದಾಗ ಪಕ್ಕದ ಬಾರ್ ಅವರನ್ನು ಸೆಳೆಯಿತು. ಆಗ ಅವರು ಹುಡುಕಿದ್ದು ಇನ್ನೊಬ್ಬ ಕುಡುಕನನ್ನು. ಚರ್ಚುಗಳಿಗೆ ಫೋನ್ ಮಾಡಿ ಮಾಡಿ ಕೊನೆಗೆ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಗುರುತು ಸಿಕ್ಕಿತು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಡಾಕ್ಟರ್ ಬಾಬ್ ಕುಡಿತ ಬಿಟ್ಟ ದಿನವೆಂದು 1935ರ ಜೂನ್ 10ನ್ನು ಎಎ ತನ್ನ ಹುಟ್ಟುಹಬ್ಬವಾಗಿ ಆಚರಿಸುತ್ತದೆ. ಬೆಳಕು ಕಂಡವನಿಗೂ ಮುಂದೆ ಕೂತು ಕೇಳುವ ಒಬ್ಬ ಮನುಷ್ಯ ಬೇಕಾಯಿತು ನೋಡಿ.

ಕುಡಿತ ಬಿಡಲು ಎಎ ಹೇಳುವ 12 ಹೆಜ್ಜೆಗಳಲ್ಲಿ ದೇವರ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಆ ದೇವರು ಹೇಗಿರಬೇಕೆಂದು ಅವರವರಿಗೇ ಬಿಟ್ಟಿದ್ದಾರೆ. ದೇವರನ್ನು ನಂಬದವನು ಆ ಗುಂಪನ್ನೇ ತನಗಿಂತ ದೊಡ್ಡ ಶಕ್ತಿ ಅಂದುಕೊಳ್ಳಬಹುದು.

ಇದರಿಂದ ಪ್ರಯೋಜನ ಉಂಟೇ? 2020ರಲ್ಲಿ, ಚಿಕಿತ್ಸೆಗಳ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಎಎಗೆ ಸೇರಿಸಿ ಅಲ್ಲೇ ಉಳಿಯುವಂತೆ ನೋಡಿಕೊಳ್ಳುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ 100ಕ್ಕೆ 42 ಮಂದಿ ಪೂರ್ತಿ ಬಿಟ್ಟಿದ್ದರು. ಬೇರೆ ಒಳ್ಳೆಯ ಚಿಕಿತ್ಸೆಗಳಲ್ಲಿ ಅದು 35. ಪವಾಡವೇನಲ್ಲ. ಆದರೂ ದುಡ್ಡಿಲ್ಲದೆ ಸಿಗುವ ಸಹಾಯದಲ್ಲಿ ಇಷ್ಟು ವ್ಯತ್ಯಾಸ ಸಣ್ಣದಲ್ಲ.

ಈ ಸಹಾಯ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಹಾರ್ವರ್ಡಿನ ಜಾನ್ ಕೆಲ್ಲಿ ಮತ್ತು ಜೊತೆಗಾರರು ಬಿಡಿಸಿ ನೋಡಿದ್ದಾರೆ. 1,726 ಜನರ ಮೇಲೆ ನಡೆದ ಪ್ರಾಜೆಕ್ಟ್ ಮ್ಯಾಚ್ ಎಂಬ ದೊಡ್ಡ ಅಧ್ಯಯನದ ಮಾಹಿತಿ ಅವರ ಕೈಯಲ್ಲಿತ್ತು. ಹೆಚ್ಚಿನವರಿಗೆ ಸಹಾಯ ಬಂದದ್ದು ಗೆಳೆಯರ ಬಳಗ ಬದಲಾದದ್ದರಿಂದ, ಮತ್ತೆ ‘ಇವತ್ತು ಕುಡಿಯದೆ ಇರಬಲ್ಲೆ’ ಎಂಬ ಧೈರ್ಯದಿಂದ. ಚಟ ತೀರಾ ಆಳಕ್ಕೆ ಇಳಿದವರಲ್ಲಿ ಮಾತ್ರ ಪ್ರಾರ್ಥನೆ, ಧ್ಯಾನದಂಥವು ತಮ್ಮದೇ ಕೆಲಸ ಮಾಡುತ್ತಿದ್ದವು. ಎಲ್ಲ ಕಳೆದುಕೊಂಡವನಿಗೆ ಬಾಳಿಗೊಂದು ಅರ್ಥ ಜಾಸ್ತಿ ಬೇಕಾಗುತ್ತದೆ, ಅಲ್ವಾ? ನಾಸ್ತಿಕರ ವಿಷಯದಲ್ಲಿ 2002ರಲ್ಲಿ ಬಂದ ಫಲಿತಾಂಶವೂ ಇಲ್ಲಿಗೆ ಹೊಂದುತ್ತದೆ. ಅವರು ಎಎಗೆ ಬರುವುದು ಕಮ್ಮಿ. ಬಂದು ಉಳಿದವರಿಗೆ ಆಸ್ತಿಕರಷ್ಟೇ ಲಾಭ. ದೇವರು ಬೇಡ ಎನ್ನುವವರಿಗೆ 1994ರಿಂದ ಸ್ಮಾರ್ಟ್ ರಿಕವರಿ ಎಂಬ ಬೇರೆ ಬಗೆಯ ಗುಂಪೂ ಇದೆ.

ಕೊಡಗಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖ ಉಂಟು. ಇಲ್ಲಿ ಭಕ್ತಿಗೂ ಮದ್ಯಕ್ಕೂ ಹಗೆಯಿಲ್ಲ. ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಗುರು ಕಾರೋಣರೆಂಬ ಹಿರಿಯರಿಗೆ ಮೀದಿ (ಎಡೆ) ಇಡುವಾಗ ಮಾಂಸದ ಜೊತೆ ಮದ್ಯವೂ ಇರುತ್ತದೆ. ಕೇರಳದ ಕಡೆಯಿಂದ ಬಂದ ಮುತ್ತಪ್ಪನಿಗೆ ಕಳ್ಳು ನೈವೇದ್ಯ. ಇದರಲ್ಲಿ ತಪ್ಪೇನೂ ಇಲ್ಲ, ಹಿರಿಯರಿಗೆ ಕೊಡುವ ಗೌರವ ಅದು. ಆದರೆ ಬಿಡಬೇಕೆಂದು ಹೊರಟವನಿಗೆ ಹಬ್ಬವೇ ಕಷ್ಟದ ದಿನವಾಗುತ್ತದೆ. ಕೈಲ್‌ಪೊಳ್ದ್‌ನಲ್ಲಿ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ ಸೇರಿದಾಗ ‘ಒಂದು ಪೆಗ್ ತಾನೆ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಅಲ್ಲಿ ಉಪದೇಶ ಕೆಲಸಕ್ಕೆ ಬರುವುದಿಲ್ಲ. ಅದೇ ಹಬ್ಬವನ್ನು ಕುಡಿಯದೆ ದಾಟಿದ ಇನ್ನೊಬ್ಬ ಕೊಡಗಿನವನ ಮಾತು ಬರುತ್ತದೆ. ಮೀದಿ ಇಟ್ಟು, ನಮಸ್ಕಾರ ಮಾಡಿ, ತಾನು ಕುಡಿಯದೆ ಎದ್ದು ಬರಬಹುದು ಎಂದು ಅವನು ಹೇಳಿದರೆ ನಂಬಿಕೆ ಬರುತ್ತದೆ. ಒಕ್ಕದ ಹಿರಿಯರು ‘ಅವನಿಗೆ ಒತ್ತಾಯ ಮಾಡಬೇಡಿ’ ಎಂದು ಎಲ್ಲರೆದುರು ಒಂದು ಮಾತು ಹೇಳಿದರಂತೂ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಎಎಯಲ್ಲಿರುವಂತೆ ಅನಾಮಧೇಯರಾಗಿ ಉಳಿಯುವುದೂ ಇಲ್ಲಿ ಸುಲಭವಲ್ಲ. ಯಾರನ್ನು ಕಂಡರೂ ಮೊದಲು ಕೇಳುವುದೇ ‘ಯಾವ ಮನೆಯವರು?’ ಅಂತ. ಮನೆತನದ ಹೆಸರು ಬಿಟ್ಟು ಮಾತಾಡಬೇಕಾದ ಗುಂಪಿಗೆ ನಮ್ಮಂಥ ಚಿಕ್ಕ ಜಿಲ್ಲೆ ಕಷ್ಟದ ಜಾಗ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಇದಕ್ಕೆ ಉಲ್ಟಾ ದಾರಿ ಹಿಡಿದಿವೆ. ಅಲ್ಲಿ ಎಲ್ಲವೂ ಊರಿನ ಎದುರೇ. ಎಂಟು ದಿನ ಒಟ್ಟಿಗೆ ಇದ್ದು ಭಜನೆ, ಯೋಗ, ಆಪ್ತಸಲಹೆ. ನನಗೆ ಅವುಗಳಲ್ಲಿ ಮುಖ್ಯವೆನಿಸುವುದು ಆಮೇಲಿನ ನವಜೀವನ ಸಮಿತಿ. ಶಿಬಿರ ಮುಗಿದವರು ಮತ್ತೆ ಮತ್ತೆ ಸೇರುತ್ತಾರೆ. ಮಾಲೆ ತೆಗೆದವರಿಗೆ ಇಲ್ಲದ್ದು ಇದೇ. ಊರಿನ ಗುರುಸ್ವಾಮಿಗಳು ಮನಸ್ಸು ಮಾಡಿದರೆ ಮಕರಜ್ಯೋತಿ ಕಳೆದ ಮೇಲೂ ವಾರಕ್ಕೊಂದು ಸಂಜೆ ಅದೇ ಹತ್ತು ಜನರನ್ನು ಕೂರಿಸಬಹುದು. ಮಾಲೆ ಬೇಕಿಲ್ಲ, ಕಾಫಿ ಸಾಕು.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ದಿನಾ ಹೆಚ್ಚು ಕುಡಿಯುವವರು ಇದ್ದಕ್ಕಿದ್ದಂತೆ ಪೂರ್ತಿ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಮದ್ಯಕ್ಕೆ ಹೊಂದಿಕೊಂಡ ಮಿದುಳು ಅದು ಸಿಗದಾಗ ವಿಪರೀತ ಕೆರಳುತ್ತದೆ. ಕೈ ನಡುಗುತ್ತದೆ, ಬೆವರು ಬರುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ನಡುವೆ ಕೆಲವರಿಗೆ ಬುದ್ಧಿ ತಪ್ಪಿ, ಇಲ್ಲದ್ದು ಕಾಣಿಸಿ, ಜ್ವರ ಏರುತ್ತದೆ. ಇದನ್ನು ದೇವರ ಸಿಟ್ಟು, ಮೈಮೇಲೆ ಬಂದದ್ದು ಎಂದು ತಿಳಿದು ಮನೆಯಲ್ಲೇ ಇಟ್ಟುಕೊಳ್ಳಬಾರದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸರಿಯಾದ ಮಾತ್ರೆ ಮತ್ತು ಬಿ1 ವಿಟಮಿನ್ ಕೊಟ್ಟು ಆ ದಿನಗಳನ್ನು ದಾಟಿಸಬಹುದು. ಹಾಗಾಗಿ ಮಾಲೆ ಹಾಕುವ ಮುಂಚೆಯೇ ಡಾಕ್ಟರ ಬಳಿ ‘ದಿನಾ ಇಷ್ಟು ಕುಡಿಯುತ್ತೇನೆ’ ಎಂದು ಮುಚ್ಚಿಡದೆ ಹೇಳಿ. 2019ರಲ್ಲಿ ಬಂದ ಏಮ್ಸ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯದ ಚಟ ಹತ್ತಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಅಥವಾ ಸಹಾಯ ಸಿಕ್ಕಿದೆ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಅಲ್ಲಿಗೆ ಹೋಗಲು ಹಿಂಜರಿಕೆಯಾದರೆ 14446 ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಇಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಫೋನ್ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.