ಗಿಟ್‌ನಲ್ಲಿ ಕಳೆದುಹೋದ ಕೋಡ್ ಎಲ್ಲಿರುತ್ತದೆ?

ಹೋದ ವಾರ ರಾತ್ರಿ ಹತ್ತೂವರೆಗೆ ಅಕ್ಕನ ಮಗಳ ಫೋನ್. ಈಗಷ್ಟೇ ಕೋಡಿಂಗ್ ಕಲಿಯುತ್ತಿದ್ದಾಳೆ, ಜೊತೆಗೆ ಗಿಟ್, ಅಂದರೆ ಕೋಡಿನ ಹಳೆಯ ಹಂತಗಳನ್ನು ಉಳಿಸಿಡುವ ಸಾಧನ. ಯಾರೋ ಹೇಳಿದರು ಅಂತ 'ಗಿಟ್ ರೀಸೆಟ್ ಹಾರ್ಡ್' (ಕೆಲಸವನ್ನು ಹಿಂದಿನ ಹಂತಕ್ಕೆ ತಳ್ಳುವ ಆಜ್ಞೆ) ಹೊಡೆದಿದ್ದಾಳೆ, ಎರಡು ದಿನದ ಕೆಲಸ ಮಾಯ. "ಮಾಮ, ಫೋಲ್ಡರ್ ಪೂರ್ತಿ ಡಿಲೀಟ್ ಮಾಡಿ ಮತ್ತೆ ಕ್ಲೋನ್ ಮಾಡ್ಲಾ?" (ಕ್ಲೋನ್ ಅಂದರೆ ಸರ್ವರ್‌ನಿಂದ ಹೊಸ ಪ್ರತಿ ಇಳಿಸಿಕೊಳ್ಳುವುದು.) ಬೇಡ, ಏನೂ ಮುಟ್ಟಬೇಡ ಅಂದೆ. 'ಗಿಟ್ ರೀಫ್‌ಲಾಗ್' ಅಂತ ಟೈಪ್ ಮಾಡಿಸಿದೆ. ಹಳೆಯ ಕಮಿಟ್‌ಗಳ (ಅವಳು ಆಗಾಗ ಉಳಿಸಿಟ್ಟ ಹಂತಗಳ) ಪಟ್ಟಿ ಬಂತು. ಬೇಕಾದ ಕಮಿಟ್‌ನ ಹೆಸರಿನ ಮೊದಲ ಏಳು ಅಕ್ಷರ ಹಿಡಿದು ವಾಪಸ್ ಹೋದಳು. ಎಲ್ಲ ಅಲ್ಲೇ ಇತ್ತು.

ಏನೇ ಎಡವಟ್ಟಾದರೂ ಫೋಲ್ಡರ್ ಅಳಿಸಿ ಕ್ಲೋನ್ ಮಾಡುವುದು ಹೊಸಬರಲ್ಲಿ ಮೂಢನಂಬಿಕೆಯ ಹಾಗೆ ಹಬ್ಬಿದೆ. ನನಗೆ ನಿಜಕ್ಕೂ ಆತಂಕವಾಗುತ್ತದೆ. ರೀಫ್‌ಲಾಗ್ ಇರುವುದು ಆ ಫೋಲ್ಡರ್ ಒಳಗೇ. ಕ್ಲೋನ್ ಮಾಡಿದರೆ ಅದು ಬರುವುದಿಲ್ಲ. ಅಳಿಸಿದ್ದರೆ ಆ ಎರಡು ದಿನ ನಿಜವಾಗಿಯೂ ಹೋಗುತ್ತಿತ್ತು.

ಗಿಟ್ 'ಬದಲಾವಣೆಗಳನ್ನು' ಉಳಿಸುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಪ್ರತಿ ಕಮಿಟ್ ಅಂದರೆ ಆ ಹೊತ್ತಿನ ಇಡೀ ಪ್ರಾಜೆಕ್ಟಿನ ಚಿತ್ರ. (ಜಾಗ ಉಳಿಸಲು ಆಮೇಲೆ ಒಳಗೊಳಗೇ ವ್ಯತ್ಯಾಸ ಲೆಕ್ಕ ಹಾಕಿ ಗಂಟು ಕಟ್ಟುತ್ತದೆ, ಅದು ಗೋದಾಮಿನ ವಿಷಯ.) ಹಾಗಾದರೆ ಡಿಸ್ಕ್ ತುಂಬಿಹೋಗಲ್ವಾ? ಇಲ್ಲ. ಯಾಕೆ ಅನ್ನುವುದೇ ನನಗೆ ಗಿಟ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ.

ಅಡುಗೆಮನೆಯ ಡಬ್ಬಿಗೆ ನಾವು ಚೀಟಿ ಅಂಟಿಸುತ್ತೇವೆ. 'ತೊಗರಿಬೇಳೆ' ಅಂತ ಬರೆದ ಡಬ್ಬಿಯಲ್ಲಿ ನಾಳೆ ಸಕ್ಕರೆ ತುಂಬಬಹುದು, ಚೀಟಿ ಸುಮ್ನೆ ಇರುತ್ತದೆ. ಗಿಟ್‌ನಲ್ಲಿ ಹಾಗಾಗದು. ಒಳಗಿರುವ ಸಾಮಾನಿನಿಂದಲೇ ಲೆಕ್ಕ ಹಾಕಿ ಚೀಟಿ ತಯಾರಾಗುತ್ತದೆ. ಎಸ್‌ಎಚ್‌ಎ-1 ಅನ್ನುವ ಲೆಕ್ಕ, 40 ಅಕ್ಷರದ ಹೆಸರು. ಒಂದು ಕಾಳು ಬದಲಾದರೂ ಹೆಸರು ಪೂರ್ತಿ ಬೇರೆ, ಆದ್ದರಿಂದ ಡಬ್ಬಿಯೂ ಬೇರೆ. ಹಳೆಯದು ಕಪಾಟಿನಲ್ಲಿ ಹಾಗೇ ಉಳಿಯುತ್ತದೆ. ಏನೂ ಬದಲಾಗದ ಫೈಲಿಗೆ ಅದೇ ಹೆಸರು, ಅದೇ ಡಬ್ಬಿ, ಇನ್ನೊಂದು ಬೇಕಿಲ್ಲ. ಒಂದು ಖಾಲಿ ಫೈಲನ್ನು ಹಾಸನದಲ್ಲಿ ಮಾಡಿದರೂ ಹೆಲ್ಸಿಂಕಿಯಲ್ಲಿ ಮಾಡಿದರೂ ಗಿಟ್ ಕೊಡುವ ಹೆಸರು 'ಇ69ಡಿಇ29' ಅಂತಲೇ ಶುರುವಾಗುತ್ತದೆ. ನನಗೆ ಇದು ಇವತ್ತಿಗೂ ರೋಮಾಂಚನ.

ಇನ್ನು ಕಮಿಟ್. ಹಳೆ ಕಾಲದ ಅಂಗಡಿಯ ಲೆಕ್ಕದ ಪುಸ್ತಕ ನೋಡಿದ್ದೀರಾ? ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಮೊತ್ತ ಇರುತ್ತದೆ. ಮೂರನೇ ಪುಟದಲ್ಲಿ ಯಾರಾದರೂ ಕೈಯಾಡಿಸಿದರೆ ಆಮೇಲಿನ ಯಾವ ಪುಟವೂ ತಾಳೆಯಾಗದು. ಕಮಿಟ್ ಒಳಗೂ ಹಿಂದಿನ ಕಮಿಟ್‌ನ ಹೆಸರು ಕೂತಿರುತ್ತದೆ, ಜೊತೆಗೆ ಬರೆದವರು, ಹೊತ್ತು, ಸಂದೇಶ. ಇವೆಲ್ಲ ಸೇರಿ ಅದರ ಹೆಸರು ಹುಟ್ಟುತ್ತದೆ. ಬ್ರ್ಯಾಂಚ್, ಅಂದರೆ ಕೆಲಸದ ಒಂದು ಸಾಲು ಯಾವ ಕಮಿಟ್ ತನಕ ಬಂದಿದೆ ಅನ್ನುವ ಗುರುತು, ಇಷ್ಟು ದೊಡ್ಡದಲ್ಲ. ಆ 40 ಅಕ್ಷರ ಬರೆದ ಒಂದು ಪುಟ್ಟ ಫೈಲ್, ಕೊನೆಯ ಸಾಲುಮುರಿವೂ ಸೇರಿ 41 ಬೈಟ್. ಅಕ್ಕನ ಮಗಳು ರೀಸೆಟ್ ಮಾಡಿದಾಗ ಮುಖ್ಯವಾಗಿ ಬದಲಾದದ್ದು ಈ ಪುಟ್ಟ ಫೈಲು, ಮತ್ತು ಕಣ್ಣೆದುರಿನ ಫೋಲ್ಡರು. ಕಪಾಟು ಬದಲಾಗಲಿಲ್ಲ.

ಇಷ್ಟೊಂದು ಜಾಗ್ರತೆ ಎಲ್ಲಿಂದ ಬಂತು? 2005ರಿಂದ. ಲಿನಕ್ಸ್ ಕರ್ನಲ್‌ನವರು (ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು ಬರೆಯುವವರು) 2002ರಿಂದ ಇಂಥದ್ದೇ ಕೆಲಸಕ್ಕೆ ಬಿಟ್‌ಕೀಪರ್ ಅನ್ನುವ ಸಾಧನ ಬಳಸುತ್ತಿದ್ದರು, ಅದರ ಉಚಿತ ಪರವಾನಗಿ ನಿಂತುಹೋಯಿತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಏಪ್ರಿಲ್ 3ಕ್ಕೆ ಗಿಟ್ ಬರೆಯಲು ಕೂತರು. 7ನೇ ತಾರೀಕಿಗೆ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಟ್ಟಿದ್ದರು. ಒಳಗೆ ಹಾಕಿದ್ದೇ ಹೊರಗೆ ಬರಬೇಕು, ಡಿಸ್ಕ್ ಕೆಟ್ಟು ಒಂದು ಬಿಟ್ ತಿರುಗಿದರೂ ಗೊತ್ತಾಗಬೇಕು ಅನ್ನುವುದು ಅವರ ಹಟ. ಜುಲೈನಲ್ಲಿ ಗಿಟ್‌ನ ಉಸ್ತುವಾರಿಯನ್ನು ಜುನಿಯೊ ಹಮಾನೊ ಅನ್ನುವ ಪ್ರೋಗ್ರಾಮರ್ ಕೈಗೆ ಒಪ್ಪಿಸಿದರು. ಗಿಟ್‌ಹಬ್ ಬಂದದ್ದು 2008ರಲ್ಲಿ. ಅದು ಗಿಟ್ ಪ್ರಾಜೆಕ್ಟುಗಳನ್ನು ಇಡಲು ಇಂಟರ್ನೆಟ್‌ನಲ್ಲಿ ಒಂದು ಜಾಗ ಅಷ್ಟೇ, ಎರಡೂ ಒಂದೇ ಅಂತ ದಯವಿಟ್ಟು ಹೇಳಬೇಡಿ. 2017ರಲ್ಲಿ ಸಂಶೋಧಕರು ಬೇರೆ ಬೇರೆ ಎರಡು ಪಿಡಿಎಫ್‌ಗೆ ಒಂದೇ ಎಸ್‌ಎಚ್‌ಎ-1 ಬರುವಂತೆ ಮಾಡಿ ತೋರಿಸಿದರು. ಅದೇ ವರ್ಷ ಗಿಟ್ ಅಂಥ ದಾಳಿಯನ್ನು ಪತ್ತೆಹಚ್ಚುವ ಲೆಕ್ಕಕ್ಕೆ ಬದಲಾಯಿತು.

ಕಪಾಟಿಗೂ ಮಿತಿ ಇದೆ. 'ಗಿಟ್ ಆಡ್' (ಇದನ್ನು ಉಳಿಸಲು ತೆಗೆದುಕೋ ಅನ್ನುವ ಆಜ್ಞೆ) ಕೂಡ ಮಾಡದೆ ಬಿಟ್ಟದ್ದು ಗಿಟ್‌ಗೆ ಗೊತ್ತೇ ಇಲ್ಲ, ಅದನ್ನು ರೀಸೆಟ್ ನುಂಗಿದರೆ ಹೋಯಿತು. ಯಾವ ಬ್ರ್ಯಾಂಚಿಗೂ ಸಿಗದ ಕಮಿಟ್‌ನ ಸುಳಿವು ರೀಫ್‌ಲಾಗ್‌ನಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ, ಆಮೇಲೆ ಕಸ ಗುಡಿಸುವಾಗ ಹೋಗಬಹುದು.

ಅವಳ ಫೋನ್ ಅಲ್ಲಿಗೆ ಮುಗಿಯಲಿಲ್ಲ. 'ಕವನ' ಅಂತ ಹೆಸರಿಟ್ಟ ಫೈಲು 'ಗಿಟ್ ಸ್ಟೇಟಸ್' ಪಟ್ಟಿಯಲ್ಲಿ \340\262\225 ಅಂತ ಏನೇನೋ ತೋರಿಸುತ್ತಿದೆಯಂತೆ. ಹಾಳಾಗಿಲ್ಲ. ನಮ್ಮ 'ಕ' ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಮೂರು ಬೈಟ್, ಆ ಮೂರನ್ನು ಗಿಟ್ ಅಂಕಿಯಲ್ಲಿ ಬರೆಯುತ್ತದೆ. ಕಾನ್ಫಿಗ್‌ನಲ್ಲಿ 'ಕೋರ್ ಡಾಟ್ ಕೋಟ್‌ಪಾತ್' ಅನ್ನುವುದನ್ನು ಫಾಲ್ಸ್ ಮಾಡಿಸಿದೆ. 'ಕವನ' ಕನ್ನಡದಲ್ಲೇ ಬಂತು.