ತಾಮ್ರದ ಕೊಳವೆಯ ಕೇಬಲ್: ಗಲ್ಫಿನಲ್ಲಿ ಕಲಿತ ಕೆಲಸ ಊರಿಗೆ ಯಾಕೆ ಬರಲಿಲ್ಲ?

ಕಾಸರಗೋಡು ಕಡೆ ಹಳೆಯ ದೇವಸ್ಥಾನವೋ ತರವಾಡು ಮನೆಯೋ ಜೀರ್ಣೋದ್ಧಾರಕ್ಕೆ ಬಂದಾಗ ವಯರಿಂಗ್ ಬಗ್ಗೆ ಒಂದು ಚರ್ಚೆ ಏಳುವುದುಂಟು. ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಬಂದ ಹಿರಿಯ ಎಲೆಕ್ಟ್ರಿಷಿಯನ್ ಇದ್ದರೆ, ಮರದ ಮಾಡಿಗೆ ಎಂಐ (ಮಿನರಲ್ ಇನ್ಸುಲೇಟೆಡ್) ಕೇಬಲ್ ಹಾಕಿಬಿಡಿ, ಮತ್ತೆ ಮುಟ್ಟಲಿಕ್ಕೇ ಇಲ್ಲ ಎನ್ನುತ್ತಾರೆ. ಅಂಥದೇ ಸೈಟಿನಲ್ಲಿ ದುಡಿದ ಇನ್ನೊಬ್ಬರು, ಆ ತಲೆನೋವು ಯಾರಿಗೆ ಬೇಕು ಮಾರಾಯ್ರೇ ಎನ್ನುತ್ತಾರೆ. ಹೊಸ ಹುಡುಗರಲ್ಲಿ ಅದನ್ನು ಕಣ್ಣಾರೆ ಕಂಡವರೇ ಕಡಿಮೆ. ಸಮಿತಿಯವರಿಗೆ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ.

ಕೇಬಲ್ ಏನೆಂದು ತಿಳಿಯಲು ಮನೆಯಲ್ಲೇ ಒಂದು ನಮೂನೆ ಇದೆ. ಬಕೆಟಿನಲ್ಲಿ ನೀರು ಕಾಯಿಸುವ ಹೀಟರ್ ರಾಡ್ ನೋಡಿದ್ದೀರಲ್ವಾ? ಹೊರಗೆ ಲೋಹದ ಕೊಳವೆ, ಒಳಗೆ ಕಾಯಿಲ್, ಎರಡೂ ಒಂದಕ್ಕೊಂದು ತಾಗದಂತೆ ನಡುವೆ ಒತ್ತಿ ತುಂಬಿದ ಬಿಳಿ ಪುಡಿ. ಆ ಪುಡಿ ಮೆಗ್ನೀಷಿಯಂ ಆಕ್ಸೈಡ್. ಎಂಐ ಕೇಬಲಿನಲ್ಲೂ ಅದೇ ಪುಡಿ. ಕಾಯಿಲ್ ಬದಲು ತಾಮ್ರದ ತಂತಿ, ಹೊರಗೂ ತಾಮ್ರದ ಕೊಳವೆ. ಪುಡಿ ಕರಗಬೇಕಾದರೆ ಸುಮಾರು 2800 ಡಿಗ್ರಿ ಸೆಲ್ಸಿಯಸ್ ಬೇಕು, ತಾಮ್ರಕ್ಕೆ 1085. ಮರದ ಮನೆಗೆ ಬೆಂಕಿ ಬಿದ್ದರೂ ಈ ಕೇಬಲ್ ಉರಿಯುವುದಿಲ್ಲ, ಹೊಗೆ ಬಿಡುವುದಿಲ್ಲ. ಹೊರಗಿನ ತಾಮ್ರವೇ ಅರ್ಥ್ ಆಗಿಯೂ ಕೆಲಸ ಮಾಡುತ್ತದೆ. ಪಿವಿಸಿ ಪೈಪಿಗಿಂತ ಎಷ್ಟೋ ತೆಳ್ಳಗಾದ್ದರಿಂದ ಪಕ್ಕಾಸಿನ ಬದಿಯಲ್ಲಿ ಹೋದರೆ ಕಾಣುವುದೂ ಕಮ್ಮಿ.

ಇದಕ್ಕೆ 1896ರಲ್ಲಿ ಪೇಟೆಂಟ್ ಪಡೆದವನು ಸ್ವಿಟ್ಜರ್ಲೆಂಡಿನ ಆರ್ನಾಲ್ಡ್ ಬೋರೆಲ್. ಫ್ರಾನ್ಸಿನಲ್ಲಿ 1930ರ ದಶಕದಲ್ಲಿ ತಯಾರಿ ಶುರುವಾಯಿತು, 1937ರಲ್ಲಿ ಇಂಗ್ಲೆಂಡಿನ ಹೆಬ್ಬರ್ನ್‌ನಲ್ಲಿ ಪೈರೋಟೆನ್ಯಾಕ್ಸ್ ಕಾರ್ಖಾನೆ ಬಂತು. ಬ್ರಿಟನ್ನಿನ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಅದು 'ಪೈರೋ' ಆಯಿತು. ಹಡಗು, ಎಣ್ಣೆ ಶುದ್ಧೀಕರಣ ಘಟಕ, ಕಲ್ಲಿನ ಹಳೇ ಚರ್ಚು ಎಲ್ಲ ಕಡೆ ಹೋಯಿತು.

ನಮ್ಮವರ ಕಥೆ ಶುರುವಾಗುವುದು 1970ರ ದಶಕದಲ್ಲಿ. ಎಣ್ಣೆಯ ದುಡ್ಡಿನಿಂದ ಗಲ್ಫಿನಲ್ಲಿ ಕಟ್ಟಡಗಳು ಎದ್ದವು. ಬ್ರಿಟಿಷ್ ಕನ್ಸಲ್ಟೆಂಟ್‌ಗಳು ಬ್ರಿಟಿಷ್ ನಿಯಮದಂತೆ ನಕ್ಷೆ ಬರೆದ ಕಡೆ ಫೈರ್ ಅಲಾರಂಗೆ, ಎಮರ್ಜೆನ್ಸಿ ಲೈಟಿಗೆ ಎಂಐ ಬಂತು. ಉಪ್ಪಳ, ಕುಂಬಳೆ, ಮಂಜೇಶ್ವರ, ಚೆರ್ಕಳದಿಂದ ಬೊಂಬಾಯಿ ದಾರಿಯಾಗಿ ಹೋದ ಹುಡುಗರಲ್ಲಿ ಎಲೆಕ್ಟ್ರಿಷಿಯನ್ನರೂ ಇದ್ದರು. ಊರಿನಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ವಯರ್ ಎಳೆದವರ ಕೈಗೆ ಅಲ್ಲಿ ತಾಮ್ರದ ಸುರುಳಿ ಕೊಟ್ಟರು.

ಎಳೆಯುವುದು ಅಂಥ ಕಷ್ಟವಲ್ಲ. ಸುರುಳಿ ಬಿಚ್ಚಿ, ರೋಲರ್ ಟೂಲಿನಲ್ಲಿ ನೆಟ್ಟಗೆ ಮಾಡಿ, ಕ್ಲಿಪ್ ಹಾಕುತ್ತಾ ಹೋಗಬೇಕು. ತಿರುವಿನ ತ್ರಿಜ್ಯ ಕೇಬಲಿನ ದಪ್ಪದ ಆರು ಪಟ್ಟಾದರೂ ಇರಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿ ನೆಟ್ಟಗೆ ಮಾಡಿದರೆ ತಾಮ್ರ ಗಡುಸಾಗಿ ಸೀಳುತ್ತದೆ. ಚೆನ್ನಾಗಿ ಎಳೆದ ಲೈನು ನೋಡಲಿಕ್ಕೂ ಚಂದ.

ಕಷ್ಟ ಇರುವುದೆಲ್ಲ ತುದಿಯಲ್ಲಿ. ಸ್ಟ್ರಿಪ್ಪರ್ ತಿರುಗಿಸುತ್ತಾ ಹೊರಗಿನ ತಾಮ್ರವನ್ನು ಸುಲಿಯಬೇಕು. ಪುಡಿ ಉದುರುತ್ತದೆ. ಪಾಟ್ ಎನ್ನುವ ಹಿತ್ತಾಳೆಯ ಸಣ್ಣ ಬಟ್ಟಲನ್ನು ಕೊಳವೆಯ ಮೇಲೆ ತಿರುಪಿ ಕೂರಿಸಬೇಕು. ಅದು ಓರೆಯಾದರೆ ಕೆಲಸ ಕೆಟ್ಟಿತು. ಒಳಗೆ ತಾಮ್ರದ ಒಂದು ಚೂರೂ ಉಳಿಯದಂತೆ ತಟ್ಟಿ ತೆಗೆಯಬೇಕು, ಉಳಿದರೆ ಅಲ್ಲೇ ಶಾರ್ಟ್. ಆಮೇಲೆ ಸೀಲಿಂಗ್ ಕಾಂಪೌಂಡನ್ನು ಒಂದೇ ಬದಿಯಿಂದ ಒತ್ತಿ ತುಂಬಬೇಕು, ಇಲ್ಲದಿದ್ದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಒತ್ತಿ ಕ್ರಿಂಪ್ ಮಾಡಿ, ತಂತಿಗಳಿಗೆ ಸ್ಲೀವ್ ಹಾಕಿ, ಗ್ಲ್ಯಾಂಡ್ ಬಿಗಿಯಬೇಕು. ಒಳಗಿನ ತಂತಿಗಳೆಲ್ಲ ಒಂದೇ ಬಣ್ಣದ ಬರೀ ತಾಮ್ರ. ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂದು ಕಂಟಿನ್ಯೂಟಿ ಟೆಸ್ಟರ್ ಹಿಡಿದು ಕಂಡುಹಿಡಿದು ಗುರುತು ಹಾಕಬೇಕು.

ಇಷ್ಟನ್ನೂ ಬೇಗ ಮುಗಿಸಬೇಕು, ಯಾಕೆಂದರೆ ಆ ಬಿಳಿ ಪುಡಿ ಗಾಳಿಯ ತೇವ ಹೀರುತ್ತದೆ. ಕತ್ತರಿಸಿದ ತುದಿಯನ್ನು ಸೀಲ್ ಮಾಡದೆ ಊಟಕ್ಕೆ ಹೋದವನಿಗೆ ಫೋರ್‌ಮನ್ ಬೈಗುಳ ಗ್ಯಾರಂಟಿ. ಸೀಲ್ ಮಾಡಿದ ದಿನ ಮೆಗ್ಗರಿನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ರೀಡಿಂಗ್ ಚೆನ್ನಾಗಿ ಬಂದು, ಮರುದಿನ ಇಳಿದಿರುವುದೂ ಉಂಟು. ಹಾಗಾಗಿ ಎರಡು ಸಲ ನೋಡಬೇಕು. ತೇವ ಸೇರಿದ್ದರೆ ತುದಿಯಿಂದ ಸ್ವಲ್ಪ ಹಿಂದೆ ಬ್ಲೋ ಲ್ಯಾಂಪ್ ಹಿಡಿದು ನಿಧಾನವಾಗಿ ತುದಿಯ ಕಡೆ ಬರಬೇಕು. ಇಲ್ಲವೇ ಅಷ್ಟು ಭಾಗ ಕತ್ತರಿಸಿ ಹೊಸದಾಗಿ ಶುರು ಮಾಡಬೇಕು. ಕೈ ಕೂತವರಿಗೆ ಈ ಕೆಲಸದಲ್ಲಿ ಒಂದು ಗತ್ತು ಬರುತ್ತಿತ್ತು. ಕೂರದವರಿಗೆ ಜನ್ಮದ ಸಿಟ್ಟು. ಇವತ್ತಿನ ಎರಡು ಅಭಿಪ್ರಾಯಗಳ ಬೇರು ಇಲ್ಲೇ ಇದೆ.

ಆಮೇಲೆ ಎರಡು ಸಂಗತಿ ನಡೆದವು. ಒಂದು, ಭೂಮಿಗೆ ಕರೆಂಟು ಸೋರಿದರೆ ತಾನೇ ಬೀಳುವ ಬ್ರೇಕರ್, ಇಎಲ್‌ಸಿಬಿ, ಎಲ್ಲ ಕಡೆ ಬಂತು. ಮೊದಲು ಹಳೇ ಸೀಲಿನಲ್ಲಿ ಒಂಚೂರು ಲೀಕೇಜ್ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕರೆಂಟು ಹೊರಗಿನ ತಾಮ್ರದ ಮೂಲಕ ಭೂಮಿಗೆ ಹೋಗುತ್ತಿತ್ತು. 30 ಮಿಲಿ ಆಂಪಿಯರಿಗೇ ಬೀಳುವ ಬ್ರೇಕರ್ ಅದನ್ನು ಸಹಿಸುವುದಿಲ್ಲ. ಟ್ರಿಪ್ ಆಗತೊಡಗಿತು, ಹೆಸರು ಕೆಟ್ಟದ್ದು ಕೇಬಲಿನದು. ಎರಡು, ಮೈಕಾ (ಅಭ್ರಕ) ಟೇಪ್ ಸುತ್ತಿದ ಮೆದು ಕೇಬಲ್‌ಗಳು ಬಂದವು. ಬ್ರಿಟಿಷ್ ಬೆಂಕಿ ಪರೀಕ್ಷೆಯಲ್ಲಿ 950 ಡಿಗ್ರಿಯ ಉರಿಯಲ್ಲಿ ಮೂರು ಗಂಟೆ ಕರೆಂಟು ಹರಿಯಬೇಕೆಂದು ಒಂದು ವರ್ಗ ಇದೆ. ಅದನ್ನು ಪಾಸಾಗುವ ಮೈಕಾ ಕೇಬಲ್ ಸಿಗುತ್ತದೆ, ಮಾಮೂಲಿ ವಯರಿನಂತೆ ಸುಲಿದು ಕಟ್ಟಬಹುದು. ಗುತ್ತಿಗೆದಾರರು ಅತ್ತ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಹೊರಮೈ ಪ್ಲಾಸ್ಟಿಕ್ಕೇ. ಇಲಿ ಕಡಿದರೆ, ಮೊಳೆ ಹೊಡೆದರೆ ತಾಮ್ರದಷ್ಟು ತಡೆಯುವುದಿಲ್ಲ. ಹಂಚಿನ ಮಾಡಿನ ಅಟ್ಟದಲ್ಲಿ ಇಲಿ ಇರುವುದಿಲ್ಲ ಎನ್ನುವವರು ನಮ್ಮ ಕಡೆ ಸಿಗಲಿಕ್ಕಿಲ್ಲ.

ಹಾಗಾದರೆ ಗಲ್ಫಿನವರು ಮರಳಿದಾಗ ಈ ಕೆಲಸ ಯಾಕೆ ಜೊತೆಗೆ ಬರಲಿಲ್ಲ? ಇಲ್ಲಿಯ ಮಳೆ, ಕಡಲ ಗಾಳಿ ಕಾರಣ ಎನ್ನುತ್ತಾರೆ. ಆಟಿ ತಿಂಗಳಲ್ಲಿ ತುದಿ ಕಟ್ಟುವುದು ಕಷ್ಟ, ನಿಜ. ಆದರೆ ಗಲ್ಫಿನ ಕಡಲ ತೀರದಲ್ಲೂ ಬೇಸಿಗೆಯ ರಾತ್ರಿ ಬೆವರು ಆರುವುದಿಲ್ಲ. ಉಪ್ಪು ಗಾಳಿಗೆ ಪಿವಿಸಿ ಹೊದಿಕೆ ಇರುವ ಎಂಐ ಇದೆ. ಬೆಲೆ ಜಾಸ್ತಿ, ಅದೂ ನಿಜ. ನನಗೆ ಕಾಣುವ ದೊಡ್ಡ ಕಾರಣ ಕೂಲಿಯ ಲೆಕ್ಕ. ಊರಿನಲ್ಲಿ ವಯರಿಂಗ್ ಅಂದರೆ ಹೆಚ್ಚಾಗಿ ಪಾಯಿಂಟಿಗೆ ಇಷ್ಟು ಎಂಬ ಮಾತು. ಪಿವಿಸಿ ವಯರಿನ ತುದಿ ಸುಲಿಯಲು ಅರೆ ನಿಮಿಷ ಸಾಕು. ಅದೇ ರೇಟಿನಲ್ಲಿ ಪಾಟ್ ಕೂರಿಸಿ, ಕಾಂಪೌಂಡ್ ತುಂಬಿ, ಮರುದಿನ ಮತ್ತೆ ಮೆಗ್ಗರ್ ಹಿಡಿಯಲು ಯಾರು ಬರುತ್ತಾರೆ? ಗಲ್ಫಿನಲ್ಲಿ ತಿಂಗಳ ಸಂಬಳವಿತ್ತು, ತುದಿಗೆ ಎಷ್ಟು ಹೊತ್ತು ಹಿಡಿದರೂ ಸಂಬಳ ಕಡಿಮೆಯಾಗುತ್ತಿರಲಿಲ್ಲ. ಮಾಡಿಗೆ ತಾಮ್ರದ ತಗಡು ಹೊದಿಸಲು ಲಕ್ಷಗಟ್ಟಲೆ ಕೂಡಿಸುವ ಕಡೆಯೂ ವಯರಿಂಗ್ ಮಾತ್ರ ಕೊನೆಯ ವಾರದಲ್ಲಿ, ಬ್ರಹ್ಮಕಲಶದ ಗಡಿಬಿಡಿಯಲ್ಲಿ, ಮುಚ್ಚಿಗೆಯ ಸಂದಿಯಲ್ಲಿ ಸುಮ್ನೆ ತೂರಿಸಿದ್ದಾಗಿರುತ್ತದೆ.

ಇಡೀ ಕಟ್ಟಡಕ್ಕೆ ಎಂಐ ಬೇಕೆಂದೇನೂ ಇಲ್ಲ. ಹೊಸ ಕಾಂಕ್ರೀಟ್ ಮನೆಗಂತೂ ಪಿವಿಸಿ ಪೈಪೇ ಸಾಕು. ಮರದ ಮಾಡಿನ ಕೆಳಗೆ, ದೀಪ ಉರಿಯುವ ಜಾಗದ ಹತ್ತಿರ ಹೋಗುವ ಒಂದೆರಡು ಉದ್ದ ಲೈನ್ ಮಾತ್ರ ಎಂಐ ಮಾಡಬಹುದು. ನಡುವೆ ಜಾಯಿಂಟ್ ಇಡದೆ, ಎರಡೂ ತುದಿ ನೆನೆಯದ ಬಾಕ್ಸಿನೊಳಗೆ ಬರುವಂತೆ ಎಳೆದರೆ ಕಟ್ಟಬೇಕಾದ ತುದಿ ಎರಡೋ ನಾಲ್ಕೋ. ಅಷ್ಟನ್ನು ಪಾಯಿಂಟ್ ಲೆಕ್ಕದಿಂದ ಹೊರಗಿಟ್ಟು, ದಿನಗೂಲಿಗೆ ಕೈ ಕೂತವರನ್ನು ಕರೆಸಿ, ಮಳೆಗಾಲ ಕಳೆದ ಮೇಲೆ ಮಾಡಿಸಬೇಕು.